ಬಡಗಿಯ ಮೂಲೆಮಟ್ಟ ಮತ್ತು ಹಂಗೇರಿಯ ‘ನೊರ್ಮಾಲಿಶ್’

ರಕ್ತದೊತ್ತಡ ನೋಡಿದ ವೈದ್ಯರು ‘ನಾರ್ಮಲ್ ಇದೆ’ ಎಂದಾಗ ನಾವು ಕೇಳುವ ಪದದ ಬೇರು ಬಡಗಿಯ ಕೆಲಸದಲ್ಲಿದೆ. ಲ್ಯಾಟಿನ್ನಿನಲ್ಲಿ ‘ನೋರ್ಮ’ ಎಂದರೆ ಮೂಲೆಮಟ್ಟ. ಅದರಿಂದ ಹುಟ್ಟಿದ ‘ನೋರ್ಮಾಲಿಸ್’ ಎಂಬ ವಿಶೇಷಣಕ್ಕೆ ಮೂಲೆಮಟ್ಟಕ್ಕೆ ಸರಿಯಾಗಿ ಕೂರುವ, ಅಂದರೆ ಲಂಬಕೋನದ, ಎಂಬ ಅರ್ಥವಿತ್ತು. ಜ್ಯಾಮಿತಿಯಲ್ಲಿ ಲಂಬರೇಖೆಯನ್ನು ಇಂದಿಗೂ ನಾರ್ಮಲ್ ಎನ್ನುವುದು ಅದರ ಉಳಿಕೆ.

ಇಂಗ್ಲಿಷ್, ಫ್ರೆಂಚ್, ಜರ್ಮನ್ ಭಾಷೆಗಳಲ್ಲಿ ಈ ಪದದ ಕೊನೆಯ ‘ಇಸ್’ ಇಲ್ಲ. ಹಂಗೇರಿಯನ್ ಭಾಷೆಯಾದರೋ ಅದನ್ನು ಉಳಿಸಿಕೊಂಡು ‘ನೊರ್ಮಾಲಿಶ್’ ಎನ್ನುತ್ತದೆ. ಇದಕ್ಕೆ ಕಾರಣ ಆ ದೇಶದ ಚರಿತ್ರೆಯಲ್ಲಿದೆ. ಎರಡನೆಯ ಜೋಸೆಫ್ ದೊರೆ 1784ರಲ್ಲಿ ಜರ್ಮನ್ ಭಾಷೆಯನ್ನು ಹೇರಲು ಹೋಗಿ 1790ರಲ್ಲಿ ಆದೇಶವನ್ನು ಹಿಂತೆಗೆದುಕೊಂಡದ್ದನ್ನು ಬಿಟ್ಟರೆ, ಹಂಗೇರಿಯನ್ ಭಾಷೆ 1844ರ ಕಾಯಿದೆಯಿಂದ ಪೂರ್ಣವಾಗಿ ಆಡಳಿತ ಭಾಷೆಯಾಗುವವರೆಗೂ ಅಲ್ಲಿನ ಕಾನೂನು, ಶಾಸನಸಭೆ ಮತ್ತು ವಿದ್ವತ್ತಿನ ಪ್ರಮುಖ ಭಾಷೆ ಲ್ಯಾಟಿನ್ನೇ ಆಗಿತ್ತು. ಓದುಬರಹ ಬಲ್ಲವರು ದಿನವೂ ಬಳಸುತ್ತಿದ್ದ ಭಾಷೆಯಿಂದ ಪದಗಳು ಪ್ರತ್ಯಯಸಹಿತ ಬಂದವು. ಅಲ್ಲಿನ ಪಾಠಶಾಲೆಗಳಲ್ಲಿ ಲ್ಯಾಟಿನ್ನಿನ ‘ಸ’ಕಾರವನ್ನು ‘ಶ’ಕಾರವಾಗಿ ಓದುವ ರೂಢಿಯಿದ್ದುದರಿಂದ ‘ಇಸ್’ ಎಂಬುದು ‘ಇಶ್’ ಆಯಿತು.

ಕನ್ನಡ ಸಂಸ್ಕೃತದಿಂದ ‘ಸುಂದರಃ’ ಎಂಬ ಪದವನ್ನು ತಂದುಕೊಂಡಾಗ ವಿಸರ್ಗವನ್ನು ಅಲ್ಲೇ ಬಿಟ್ಟು, ‘ಸುಂದರವಾದ’ ಎಂದು ತನ್ನ ಪ್ರತ್ಯಯವನ್ನು ಹಚ್ಚಿತು. ಹಂಗೇರಿಯನ್ ಹಿಡಿದ ದಾರಿ ಬೇರೆ: ಲ್ಯಾಟಿನ್ನಿನ ಪ್ರಥಮಾ ವಿಭಕ್ತಿಯ ರೂಪವನ್ನೇ ಅದು ಪ್ರಕೃತಿಯೆಂದು, ಅಂದರೆ ಪ್ರತ್ಯಯ ಸೇರದ ಮೂಲಪದವೆಂದು, ಭಾವಿಸಿ ಅದರ ಮೇಲೆ ತನ್ನ ಪ್ರತ್ಯಯಗಳನ್ನು ಪೇರಿಸುತ್ತದೆ. ‘ನೊರ್ಮಾಲಿಶಬ್ಬ್’ ಎಂದರೆ ಇನ್ನೂ ಹೆಚ್ಚು ಸರಿಯಾದದ್ದು. ಅದರ ಆರಂಭಕ್ಕೆ ‘ಲೆಗ್’ ಸೇರಿಸಿದರೆ ಎಲ್ಲಕ್ಕಿಂತ ಸರಿಯಾದದ್ದು. ಲ್ಯಾಟಿನ್ನಿನಲ್ಲಿ ನಪುಂಸಕಕ್ಕೆ ‘ನೋರ್ಮಾಲೆ’ ಎಂಬ ಬೇರೆ ರೂಪವೇ ಇತ್ತು. ಅವನು, ಅವಳು ಎಂಬ ಭೇದವನ್ನೂ ಮಾಡದ ಹಂಗೇರಿಯನ್ನಿಗೆ ಅದು ಬೇಕಾಗಲಿಲ್ಲ. ಒಳ್ಳೆಯ ಹುಡುಗ, ಒಳ್ಳೆಯ ಹುಡುಗಿ, ಒಳ್ಳೆಯ ಮಕ್ಕಳು ಎನ್ನುವ ನಮಗೆ ಈ ಸರಳತೆ ಪರಿಚಿತವೇ.

ನನ್ನನ್ನು ಹೆಚ್ಚು ಬೆರಗುಗೊಳಿಸುವುದು ಆ ಪ್ರತ್ಯಯದ ಮುಂದಿನ ಬಾಳು. ಲ್ಯಾಟಿನ್ ಕಚೇರಿಗಳಿಂದ ಮರೆಯಾದರೂ ‘ನೊರ್ಮಾಲಿಶ್’ನ ಕೊನೆಯ ‘ಆಲಿಶ್’ ನಿಲ್ಲಲಿಲ್ಲ. ಪ್ರಾಚೀನ ರೋಮಿನವರು ಆಡದಿದ್ದ ‘ಗ್ಲೋಬಲ್’ ಪದವೂ ಇಪ್ಪತ್ತನೆಯ ಶತಮಾನದಲ್ಲಿ ಹಂಗೇರಿಯನ್ನಿಗೆ ಬಂದಾಗ ‘ಗ್ಲೋಬಾಲಿಶ್’ ಆಯಿತು. ‘ಡಿಜಿಟಲ್’ ಅಲ್ಲಿ ‘ದಿಗಿತಾಲಿಶ್’ ಆಗಿದೆ, ಮತ್ತು ಬೆರಳಿಗೆ ಸಂಬಂಧಿಸಿದ್ದು ಎಂಬರ್ಥದ ಹಳೆಯ ಲ್ಯಾಟಿನ್ ವಿಶೇಷಣದ ರೂಪವೂ ‘ದಿಗಿತಾಲಿಸ್’ ಎಂದೇ.