ಊತಕ್ಕೆ ಕಾಯಬೇಡಿ, ಮೊದಲು ಫ್ಯಾಕ್ಟರ್

ಮಳವಳ್ಳಿಯಿಂದಲೋ ನಾಗಮಂಗಲದಿಂದಲೋ ಬಸ್ಸು ಹಿಡಿದು ಮಂಡ್ಯದ ಮಿಮ್ಸ್ ಆಸ್ಪತ್ರೆಗೆ ಬಂದ ಕುಸುಮ ರೋಗದ (ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೋಫಿಲಿಯಾ) ಹುಡುಗ ‘ಸಿಸ್ಟರ್, ಮಂಡಿ ಒಳಗೆ ಜುಮ್ ಅಂತಿದೆ’ ಅಂದರೆ, ಹೊರಗೆ ಏನೂ ಕಾಣದಿದ್ದರೂ ರಕ್ತಸ್ರಾವ ಶುರುವಾಗಿದೆ ಎಂದೇ ತಿಳಿಯಬೇಕು. ಊತ, ಬಿಸಿ, ಕಾಲು ಮಡಚಲಾಗದ ನೋವು ಬರುವಷ್ಟರಲ್ಲಿ ಕೀಲಿನೊಳಗೆ ರಕ್ತ ತುಂಬಿರುತ್ತದೆ. ಅದರ ಕಬ್ಬಿಣದಂಶ ಕೀಲಿನ ಒಳಪೊರೆಯನ್ನೂ ಮೃದ್ವಸ್ಥಿಯನ್ನೂ ತಿನ್ನುತ್ತದೆ. ಎಕ್ಸ್‌ರೇ, ಸ್ಕ್ಯಾನ್ ಎಲ್ಲ ಫ್ಯಾಕ್ಟರ್ (ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನಿನ ಔಷಧಿ) ಕೊಟ್ಟ ಮೇಲೆ. ತಲೆಗೆ ಪೆಟ್ಟು ಬಿದ್ದಿದ್ದರಂತೂ ಮಗು ಆಡಿಕೊಂಡಿದ್ದರೂ ಇದೇ ಕ್ರಮ.

ವೈದ್ಯರು ಬರೆದ ಪ್ರಮಾಣವನ್ನು ನರ್ಸ್ ಕೂಡ ಒಮ್ಮೆ ಲೆಕ್ಕ ಹಾಕಿ ನೋಡಬೇಕು. ಕೆಜಿ ತೂಕಕ್ಕೆ 1 ಯೂನಿಟ್ ಫ್ಯಾಕ್ಟರ್ 8 ಕೊಟ್ಟರೆ ರಕ್ತದಲ್ಲಿ ಅದರ ಮಟ್ಟ ಸುಮಾರು 2% ಏರುತ್ತದೆ. ಫ್ಯಾಕ್ಟರ್ 9 ಆದರೆ ಸುಮಾರು 1% ಮಾತ್ರ. 20 ಕೆಜಿಯ ಹುಡುಗನ ಮಂಡಿಗೆ 40% ಬೇಕೆಂದರೆ ಹಿಮೋಫಿಲಿಯಾ ಎ (ಫ್ಯಾಕ್ಟರ್ 8ರ ಕೊರತೆ) ಇದ್ದಲ್ಲಿ 400 ಯೂನಿಟ್, ಬಿ (ಫ್ಯಾಕ್ಟರ್ 9ರ ಕೊರತೆ) ಇದ್ದಲ್ಲಿ 800. 400 ಬೇಕಿದ್ದು ವಯಲ್ (ಔಷಧಿಯ ಪುಟ್ಟ ಬಾಟಲಿ) 500ರದ್ದಾದರೆ ಪೂರ್ತಿ ಕೊಡಿ, ಉಳಿದ 100ನ್ನು ಚೆಲ್ಲುವುದು ಅನ್ಯಾಯ. ಎ, ಬಿ ಅದಲುಬದಲಾದರೆ ಕೊಟ್ಟದ್ದೆಲ್ಲ ವ್ಯರ್ಥ. ರೋಗಿಯ ಕಾರ್ಡು ನೋಡದೆ ವಯಲ್ ಒಡೆಯಬೇಡಿ.

ಕರಗಿಸುವಾಗಲೇ ಹೆಚ್ಚು ತಪ್ಪಾಗುವುದು. ಫ್ರಿಜ್‌ನಿಂದ ತೆಗೆದ ಪುಡಿಯನ್ನೂ ನೀರನ್ನೂ ಕೋಣೆಯ ಬಿಸಿಗೆ ಬರಲು ಬಿಡಿ, ಬಿಸಿನೀರಿಗೆ ಅದ್ದಬೇಡಿ. ರಬ್ಬರ್ ಮುಚ್ಚಳವನ್ನು ಸ್ಪಿರಿಟ್‌ನಿಂದ ಒರೆಸಿ, ಅದು ಆರಿದ ಮೇಲೆ ಸೂಜಿ ಚುಚ್ಚಿ. ನೀರು ಬಾಟಲಿಯ ಗೋಡೆಗುಂಟ ಇಳಿಯಲಿ. ಅಂಗೈಗಳ ನಡುವೆ ಮೆಲ್ಲಗೆ ಹೊರಳಿಸಬೇಕೇ ಹೊರತು ಕುಲುಕಬಾರದು. ಕುಲುಕಿದರೆ ನೊರೆ ಏಳುತ್ತದೆ, ಪ್ರೋಟೀನ್ ಕೆಡುತ್ತದೆ, ಔಷಧಿಯ ಒಂದು ಪಾಲು ನೊರೆಯಲ್ಲೇ ಉಳಿಯುತ್ತದೆ. ಫಿಲ್ಟರ್ ಸೂಜಿಯಿಂದಲೇ ಎಳೆದುಕೊಳ್ಳಿ. ಕಲಸಿದ್ದನ್ನು ಮತ್ತೆ ಫ್ರಿಜ್‌ಗೆ ಇಡಬಾರದು.

23 ಅಥವಾ 25 ಗೇಜಿನ ಬಟರ್‌ಫ್ಲೈ ಸೂಜಿ ಸಾಕು. ಈ ರಕ್ತನಾಳಗಳು ಜೀವನಪರ್ಯಂತ ಬೇಕು, ಆದ್ದರಿಂದ ಕೈ ಕುದುರದವರು ಎರಡನೇ ಸಲ ಚುಚ್ಚುವ ಬದಲು ನುರಿತವರನ್ನು ಕರೆಯಲಿ. ಔಷಧಿ ನಿಧಾನ ಹೋಗಲಿ, ದೊಡ್ಡವರಿಗೂ ನಿಮಿಷಕ್ಕೆ 3 ಎಂ.ಎಲ್. ಮೀರಬಾರದು. ಸೂಜಿ ತೆಗೆದ ಮೇಲೆ ತೋಳು ನೆಟ್ಟಗಿರಿಸಿ 5 ನಿಮಿಷ ಒತ್ತಿ ಹಿಡಿಯಿರಿ.

ಮಾಂಸಖಂಡಕ್ಕೆ ನೋವಿನ ಇಂಜೆಕ್ಷನ್ ಬೇಡವೇ ಬೇಡ. ಆಸ್ಪಿರಿನ್, ಡೈಕ್ಲೋಫಿನಾಕ್, ಐಬುಪ್ರೊಫೆನ್ ಬಿಟ್ಟು ಪ್ಯಾರಸಿಟಮಾಲ್ ಕೊಡಿ. ಊರಲ್ಲಿ ಅಜ್ಜಿಯರು ಅಕ್ಕರೆಯಿಂದ ಎಣ್ಣೆ ಹಚ್ಚಿ ನೀವುತ್ತಾರೆ, ಉಪ್ಪಿನ ಶಾಖ ಕೊಡುತ್ತಾರೆ. ಎರಡರಿಂದಲೂ ರಕ್ತ ಇನ್ನಷ್ಟು ಒಸರುತ್ತದೆ. ಬಟ್ಟೆಯಲ್ಲಿ ಸುತ್ತಿದ ಐಸನ್ನು 15 ನಿಮಿಷ ಇಡಲು ಅವರಿಗೇ ಹೇಳಿಕೊಡಿ, ಖಂಡಿತ ಮಾಡುತ್ತಾರೆ.

ತೊಡೆಸಂದಿನಲ್ಲಿ ನೋವೆಂದು ಕಾಲನ್ನು ಮೇಲಕ್ಕೆಳೆದುಕೊಂಡು ಮಲಗಿದ್ದು, ಚಾಚಲು ಆಗದಿದ್ದರೆ ಸೊಂಟದ ಒಳಸ್ನಾಯುವಿನಲ್ಲಿ ರಕ್ತಸ್ರಾವವಾಗಿರಬಹುದು. ಬಲಗಡೆಯಾದರೆ ಅದು ಅಪೆಂಡಿಸೈಟಿಸ್‌ನಂತೆಯೇ ಕಾಣುತ್ತದೆ. ಸರ್ಜನ್‌ಗೆ ಕುಸುಮ ರೋಗದ ವಿಷಯ ಮೊದಲೇ ತಿಳಿದಿರಲಿ.

ಮನೆಗೆ ವಯಲ್ ಕೊಂಡೊಯ್ಯುವವರಿಗೆ 2ರಿಂದ 8 ಡಿಗ್ರಿ ಎಂದಷ್ಟೇ ಹೇಳಿದರೆ ಸಾಲದು. ಡಬ್ಬಿಯಲ್ಲಿ ಐಸ್‌ಗೂ ವಯಲ್‌ಗೂ ನಡುವೆ ಬಟ್ಟೆಯಿಡಲು ಹೇಳಿ, ಹೆಪ್ಪುಗಟ್ಟಿದ ಫ್ಯಾಕ್ಟರ್ ಬಳಸುವಂತಿಲ್ಲ. ಪ್ರತಿ ಡೋಸಿನ ತಾರೀಕು, ಬ್ಯಾಚ್ ನಂಬರ್, ಯಾವ ಕೀಲು, ನೋವು ಎಷ್ಟು ಹೊತ್ತಿಗೆ ಇಳಿಯಿತು ಎಂಬುದನ್ನು ಪುಸ್ತಕದಲ್ಲಿ ಬರೆಸಿ. ಸರಿಯಾದ ಡೋಸ್ ಕೊಟ್ಟರೂ ಮೊದಲಿನಂತೆ ನೋವು ಇಳಿಯುತ್ತಿಲ್ಲವೆಂದು ಆ ಪುಸ್ತಕ ತೋರಿಸಿದರೆ, ಡೋಸ್ ಏರಿಸುತ್ತಾ ಹೋಗದೆ ಇನ್‌ಹಿಬಿಟರ್ (ಕೊಟ್ಟ ಫ್ಯಾಕ್ಟರ್ ಕೆಲಸ ಮಾಡದಂತೆ ತಡೆಯುವ, ದೇಹವೇ ತಯಾರಿಸುವ ಪ್ರತಿಕಾಯ) ಪರೀಕ್ಷೆಗೆ ರಕ್ತ ಕಳಿಸುವಂತೆ ವೈದ್ಯರಿಗೆ ಅಂದೇ ತಿಳಿಸಿ.