ಬೋರ್ಡಿನ ಮೇಲಿನ ಡಿಗ್ರಿ ನೋಡಿ ಹೆರಿಗೆ ಡಾಕ್ಟರನ್ನು ಆರಿಸಬಹುದಾ?

ಪ್ರಶ್ನೆ: ನನಗೀಗ ಎರಡು ತಿಂಗಳು. ನಮ್ಮೂರಲ್ಲಿ ಇಬ್ಬರು ಲೇಡಿ ಡಾಕ್ಟರ್ ಇದ್ದಾರೆ. ಒಬ್ಬರ ಬೋರ್ಡಿನಲ್ಲಿ ಡಿಜಿಒ ಅಂತಿದೆ, ಇನ್ನೊಬ್ಬರದ್ದು ಎಂಎಸ್. ಯಾರ ಹತ್ತಿರ ಹೋಗಲಿ?

ಡಿಗ್ರಿ ವಿಷಯ ಮೊದಲು ಮುಗಿಸಿಬಿಡೋಣ. ಎಂಬಿಬಿಎಸ್ ಅಂದರೆ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಆಮೇಲೆ ಹೆರಿಗೆ, ಸ್ತ್ರೀರೋಗ ಅಂತಲೇ ಓದುವುದು ಎಂಎಸ್ ಆದರೆ 3 ವರ್ಷ, ಡಿಜಿಒ ಡಿಪ್ಲೊಮಾ ಆದರೆ 2 ವರ್ಷ. ಇಬ್ಬರೂ ಈ ವಿಷಯದ ತಜ್ಞರೇ. ಡಿಜಿಒ ಹೆಚ್ಚಾಗಿ ಹಿರಿಯ ಡಾಕ್ಟರ ಬೋರ್ಡಿನಲ್ಲಿ ಕಾಣುತ್ತದೆ, ಅವರ ಕೈಯ ಅನುಭವವನ್ನು ಆ ಒಂದು ವರ್ಷದ ಲೆಕ್ಕದಲ್ಲಿ ಅಳೆಯಬೇಡಿ.

ನಾನು ನೋಡುವುದು ಬೇರೆಯದನ್ನು. ಮೊದಲ ದಿನ ಅವರು ಏನೇನು ಕೇಳುತ್ತಾರೆ? ಕೊನೆಯ ಮುಟ್ಟಿನ ತಾರೀಕು ಕೇಳಲೇಬೇಕು, ಏಕೆಂದರೆ ಹೆರಿಗೆ ದಿನವನ್ನು ಅಲ್ಲಿಂದ 280 ದಿನ ಎಣಿಸುತ್ತಾರೆ. ಹಿಂದೆ ಗರ್ಭ ಇಳಿದಿದೆಯಾ, ಬಿಪಿ, ಶುಗರ್, ಥೈರಾಯ್ಡ್ ಇದೆಯಾ, ಯಾವ ಮಾತ್ರೆ ತಗೊಳ್ತೀರಿ, ಇದೆಲ್ಲ ಕೇಳಬೇಕು. ರಕ್ತದ ಗುಂಪು ನೆಗೆಟಿವ್ ಅಂತ ಗೊತ್ತಾದರೆ ಗಂಡನ ಗುಂಪನ್ನೂ ವಿಚಾರಿಸಬೇಕು, ಯಾಕಂದರೆ ಮಗು ಪಾಸಿಟಿವ್ ಆದರೆ ಮುಂದಿನ ಬಸುರಿಗೆ ತೊಂದರೆ ಆಗದಂತೆ ಒಂದು ಇಂಜೆಕ್ಷನ್ ಬೇಕಾಗುತ್ತದೆ.

ನನ್ನ ತಂಗಿಯ ಜೊತೆ ಹೋದಾಗ ಕಂಡದ್ದು ಹೇಳ್ತೀನಿ. ಡಾಕ್ಟರ್ ಪ್ರತಿ ಪ್ರಶ್ನೆಯನ್ನೂ ಅವಳಿಗೇ ಕೇಳುತ್ತಿದ್ದರು, ಉತ್ತರ ಕೊಡುತ್ತಿದ್ದುದು ಅವಳ ಅತ್ತೆ. ಎರಡು ಸಲ ಸುಮ್ಮನಿದ್ದರು. ಮೂರನೇ ಸಲ ಪೆನ್ನು ಕೆಳಗಿಟ್ಟು, ಕುರ್ಚಿಯನ್ನು ತಂಗಿಯ ಕಡೆ ಎಳೆದುಕೊಂಡು, "ಅಮ್ಮಾ, ನೀವು ಐದು ನಿಮಿಷ ಹೊರಗೆ ಕೂತಿರಿ, ನಾನೇ ಕರೀತೀನಿ" ಅಂದರು. ಹಿಂದಿನ ವಾರ ಸ್ವಲ್ಪ ರಕ್ತ ಕಂಡಿದ್ದನ್ನು ತಂಗಿ ಆಮೇಲಷ್ಟೇ ಬಾಯಿಬಿಟ್ಟಳು, ಅಲ್ಲಿಯವರೆಗೆ ನನಗೂ ಹೇಳಿರಲಿಲ್ಲ. ಅದೇ ದಿನ ಸ್ಕ್ಯಾನಿಂಗ್ ಆಯಿತು. ಇಂಥ ಡಾಕ್ಟರ್ ಸಿಕ್ಕರೆ ಬಿಡಬೇಡಿ.

ನೀವೂ ಕೇಳಿ. ರಾತ್ರಿ ಎರಡು ಗಂಟೆಗೆ ನೋವು ಬಂದರೆ ಯಾರಿರ್ತಾರೆ? ಸಿಸೇರಿಯನ್ ಬೇಕಾದರೆ ಅರಿವಳಿಕೆ ಡಾಕ್ಟರ್, ರಕ್ತ, ಮಕ್ಕಳ ಡಾಕ್ಟರ್ ಎಲ್ಲಿಂದ ಬರ್ತಾರೆ? ಹೆರಿಗೆ ಕೋಣೆಯೊಳಗೆ ಅಮ್ಮ ಅಥವಾ ಅಕ್ಕನನ್ನು ಜೊತೆಗೆ ಬಿಡ್ತೀರಾ? ಹೆರಿಗೆ ಕೋಣೆಗಳನ್ನು ಸುಧಾರಿಸಲು ಸರ್ಕಾರಿ ಆಸ್ಪತ್ರೆಗಳಿಗೆ 2017ರಲ್ಲಿ ಬಂದ ಲಕ್ಷ್ಯ ಕಾರ್ಯಕ್ರಮದಲ್ಲೇ ಜೊತೆಗಾತಿಗೆ ಜಾಗ ಇದೆ, ಹಾಗಾಗಿ ಸಂಕೋಚ ಬೇಡ. ಈ ಪ್ರಶ್ನೆಗಳಿಗೆ ಸಿಡುಕುವವರ ಹತ್ತಿರ, ಬೋರ್ಡಿನಲ್ಲಿ ಏನೇ ಇರಲಿ, ಏಳು ತಿಂಗಳು ಕಳೆಯುವುದು ಕಷ್ಟ. ಗಂಡೋ ಹೆಣ್ಣೋ ಹೇಳ್ತೀನಿ ಅನ್ನುವವರಿದ್ದರೆ ತಕ್ಷಣ ಎದ್ದು ಬನ್ನಿ, 1994ರ ಕಾಯ್ದೆ ಪ್ರಕಾರ ಅದು ಅಪರಾಧ.

ಹಾಗಾಗಿ ಇಬ್ಬರ ಹತ್ತಿರವೂ ಒಂದೊಂದು ಸಲ ಹೋಗಿ ಬನ್ನಿ. ತಾಯಿ ಕಾರ್ಡ್ ಇನ್ನೂ ಮಾಡಿಸಿಲ್ಲದಿದ್ದರೆ ಆಶಾ ಕಾರ್ಯಕರ್ತೆಗೆ ಇವತ್ತೇ ಹೇಳಿ. ಹಳೇ ಚೀಟಿಗಳನ್ನೆಲ್ಲ ಒಂದು ಕವರಿಗೆ ಹಾಕಿ, ಮುಟ್ಟಿನ ತಾರೀಕನ್ನು ಅದರ ಮೇಲೇ ಬರೆದುಕೊಂಡು ಹೋಗಿ.