ಹೊಟ್ಟೆಯ ಸುತ್ತಳತೆಯೂ ಪ್ರಾಸ್ಟೇಟ್ ಗ್ರಂಥಿಯೂ

ರಾತ್ರಿ ಮೂರು ಸಲ ಮೂತ್ರಕ್ಕೆ ಏಳುವುದು ವಯಸ್ಸಾದವರಿಗೆ ಇದ್ದದ್ದೇ ಎಂದು ವಿಜಯಪುರ, ಬಾಗಲಕೋಟೆ ಕಡೆಯ ಗಂಡಸರು ಸುಮ್ಮನಾಗಿಬಿಡುತ್ತಾರೆ. ವಯಸ್ಸಿನ ಪಾಲು ಖರೆ. ಹೊಟ್ಟೆಯ ಪಾಲೂ ಇದೆ.

ಪ್ರಾಸ್ಟೇಟ್ ಮೂತ್ರಕೋಶದ ಕೆಳಗೆ ಮೂತ್ರನಾಳವನ್ನು ಸುತ್ತಿಕೊಂಡಿರುವ ಗ್ರಂಥಿ, ಹರೆಯದಲ್ಲಿ ಸುಮಾರು 20 ಗ್ರಾಂ. ನಡುವಯಸ್ಸಿನಿಂದ ಊದುವುದು ನಾಳಕ್ಕೆ ಹತ್ತಿದ ಒಳಭಾಗ; ಅದಕ್ಕೇ ಧಾರೆ ಸಣ್ಣದಾಗುತ್ತದೆ. ಇದು ಕ್ಯಾನ್ಸರ್ ಅಲ್ಲ.

ಹೊಟ್ಟೆಯೊಳಗೆ ಕೊಬ್ಬು ತುಂಬಿದಂತೆ ಯಕೃತ್ತು, ಸ್ನಾಯುಗಳು ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸುವುದಿಲ್ಲ. ಮೇದೋಜೀರಕ ಗ್ರಂಥಿ ಇನ್ನಷ್ಟು ಸುರಿಸಿ ಸಕ್ಕರೆಯನ್ನು ಹಿಡಿತದಲ್ಲಿಡುತ್ತದೆ. ಹಾಗಾಗಿ ‘ಶುಗರ್ ನಾರ್ಮಲ್’ ಎಂಬ ರಿಪೋರ್ಟಿನ ಹಿಂದೆ ವರ್ಷಗಟ್ಟಲೆ ಏರಿದ ಇನ್ಸುಲಿನ್ ಅಡಗಿರಬಹುದು. ಕುತ್ತಿಗೆಯ ಹಿಂದೆ ಚರ್ಮ ಕಪ್ಪಾಗಿ ದಪ್ಪಗಾಗಿದ್ದರೆ ಅದೊಂದು ಸುಳಿವು. ಇನ್ಸುಲಿನ್ ಕೋಶಗಳನ್ನು ಬೆಳೆಸುವ ಹಾರ್ಮೋನೂ ಹೌದು. ಅದು ಹೆಚ್ಚಿದಾಗ, ಐಜಿಎಫ್-1 ಎಂಬ ಬೆಳವಣಿಗೆಕಾರಕವನ್ನು ಕಟ್ಟಿಹಾಕುವ ಒಂದು ಪ್ರೋಟೀನನ್ನು ಯಕೃತ್ತು ಕಡಿಮೆ ತಯಾರಿಸುತ್ತದೆ. ಹೀಗೆ ಬಿಡುಗಡೆಯಾದ ಐಜಿಎಫ್-1 ಪ್ರಾಸ್ಟೇಟ್ ಕೋಶಗಳನ್ನು ಹೆಚ್ಚಿಸುತ್ತದೆ ಎಂಬುದು ಸದ್ಯದ ಮುಖ್ಯ ವಿವರಣೆ. ದೇಹವನ್ನು ಒತ್ತಡಕ್ಕೆ ಸಜ್ಜುಗೊಳಿಸುವ ಸಿಂಪಥೆಟಿಕ್ ನರಗಳೂ ಚುರುಕಾಗಿ ಗ್ರಂಥಿಯ ಸ್ನಾಯುವನ್ನು ಬಿಗಿಯುತ್ತವೆ. ಗಾತ್ರ ಅಷ್ಟೇ ಇದ್ದರೂ ತೊಂದರೆ ಹೆಚ್ಚುವುದು ಹೀಗೆ.

ಅಮೆರಿಕದ ಬಾಲ್ಟಿಮೋರ್‌ನ ದೀರ್ಘಕಾಲದ ಅಧ್ಯಯನವೊಂದರ 2006ರ ವರದಿಯಂತೆ, ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) ಒಂದು ಅಂಕ ಏರಿದರೆ ಪ್ರಾಸ್ಟೇಟ್ ಸರಾಸರಿ 0.41 ಮಿ.ಲೀ. ದೊಡ್ಡದು; ಬಿಎಂಐ 35 ದಾಟಿದವರಲ್ಲಿ ಗ್ರಂಥಿ ಹಿಗ್ಗಿರುವ ಸಾಧ್ಯತೆ ಸಾಮಾನ್ಯ ತೂಕದವರಿಗಿಂತ ಮೂರೂವರೆ ಪಟ್ಟು.

ಪ್ಯಾಂಟಿನ ಅಳತೆ ನಂಬಬೇಡಿ, ಬೆಲ್ಟು ಹೊಟ್ಟೆಯ ಕೆಳಗೆ ಜಾರಿರುತ್ತದೆ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಎಲುಬಿನ ನಡುಮಧ್ಯೆ ಟೇಪು ಹಿಡಿದು, ಉಸಿರು ಬಿಟ್ಟ ಮೇಲೆ ಅಳೆಯಿರಿ. ಭಾರತೀಯ ಗಂಡಸಿಗೆ 90 ಸೆಂ.ಮೀ. ಮಿತಿ. ಹೊಟ್ಟೆ ಬಂತೆಂದು ಜೋಳದ ರೊಟ್ಟಿಯನ್ನು ಬೈಯುವವರು ಚಹಾ ಮರೆಯುತ್ತಾರೆ: ಎರಡು ಚಮಚೆ ಸಕ್ಕರೆಯ ಆರು ಕಪ್ ಅಂದರೆ ದಿನಕ್ಕೆ ಸುಮಾರು 50 ಗ್ರಾಂ. ಸಂಜೆಯ ಚಹಾ ಮೂತ್ರವನ್ನೂ ಹೆಚ್ಚಿಸುತ್ತದೆ.

ತೂಕ ಇಳಿಸಿದರೆ ಬೆಳೆದ ಗ್ರಂಥಿ ಕರಗಿಬಿಡುತ್ತದೆ ಎಂದು ಭರವಸೆ ಕೊಡಲಾಗದು. ವೈದ್ಯರು ಅಲ್ಟ್ರಾಸೌಂಡಿನಲ್ಲಿ ಗಾತ್ರದ ಜೊತೆ, ಮೂತ್ರ ಮಾಡಿದ ಮೇಲೆ ಉಳಿಯುವ ಪ್ರಮಾಣವನ್ನೂ ನೋಡಲಿ. ಸಕ್ಕರೆ ಕಾಯಿಲೆಯೇ ರಾತ್ರಿ ಎಬ್ಬಿಸುತ್ತಿರಬಹುದು, ಅದನ್ನೂ ಪರೀಕ್ಷಿಸಬೇಕು. ದಪ್ಪ ಮೈಯವರಲ್ಲಿ ರಕ್ತದ ಒಟ್ಟು ಪ್ರಮಾಣ ಹೆಚ್ಚಿರುವುದರಿಂದ ಪ್ರಾಸ್ಟೇಟ್ ಕ್ಯಾನ್ಸರಿನ ಸುಳಿವಿಗಾಗಿ ಮಾಡಿಸುವ ಪಿಎಸ್‌ಎ ಎಂಬ ರಕ್ತಪರೀಕ್ಷೆಯ ಅಂಕಿ ಕಡಿಮೆ ತೋರಬಹುದು. ಧಾರೆ ಸಣ್ಣದಾದವರು ನೆಗಡಿಯ ಗುಳಿಗೆಯನ್ನು ಅಂಗಡಿಯಿಂದ ತಾವೇ ತಂದು ನುಂಗಬಾರದು. ಅದರಲ್ಲಿನ ಕೆಲವು ಔಷಧಗಳಿಂದ ಮೂತ್ರ ಪೂರ್ತಿ ಕಟ್ಟಬಹುದು. ಆಗ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಿ ನಳಿಕೆ ಹಾಕಿಸಿಕೊಳ್ಳಬೇಕು.